ಎರಡು ಬೀಗದ ಶಿಶುವಿಹಾರ

ಭಾನುವಾರ ಬೆಳಿಗ್ಗೆ

ಎಂಜಿನಿಯರ್ ಸಾಹೇಬನಿಗೆ,

ಈ ಒಂದು ವರ್ಷದಲ್ಲಿ ನಾನು ನಿನಗೆ ಬರೆದಷ್ಟು ಪತ್ರಗಳನ್ನು ನಾವು ಪ್ರೀತಿಸುತ್ತಿದ್ದ ಕಾಲದಲ್ಲೂ ಬರೆದಿರಲಿಲ್ಲ. ಎಲ್ಲವೂ ಮಿಲ್ಲಿನ ಲೆಟರ್‌ಹೆಡ್ಡಿನ ಮೇಲೆ, ‘ಮಾನ್ಯರೇ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಯುವಂಥವು. ನೀನೇನು ಕಡಿಮೆಯೇ? ಪುರಸಭೆಯ ಮೊಹರು ಒತ್ತಿ, ‘ತಮ್ಮ ಪತ್ರ ತಲುಪಿದೆ, ವಿಷಯ ಪರಿಶೀಲನೆಯಲ್ಲಿದೆ’ ಎಂದು ಉತ್ತರ ಕಳಿಸುತ್ತಿದ್ದೆ. ಒಂದೇ ಊರಲ್ಲಿದ್ದು, ಒಂದೇ ಮಗುವಿಗೆ ಅಪ್ಪ ಅಮ್ಮ ಆಗಿದ್ದು, ಒಬ್ಬರನ್ನೊಬ್ಬರು ಪರಿಶೀಲನೆಯಲ್ಲಿ ಇಟ್ಟುಕೊಂಡೇ ವರ್ಷ ಕಳೆದೆವು. ‘ತಾವು’ ಎಂದು ಬರೆದೂ ಬರೆದೂ ನನ್ನ ಬೆರಳು ಮರಗಟ್ಟಿದೆ. ಇವತ್ತು ‘ನೀನು’ ಎನ್ನುತ್ತೇನೆ. ಇದಕ್ಕೆ ಆವಕ ಸಂಖ್ಯೆ ಹಾಕಿಸಲು ಹೋಗಬೇಡ.

ನೀನು ವರ್ಗವಾಗಿ ಹೋದ ಮೇಲೆ ಇಲ್ಲಿ ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಪುಟ್ಟಿ ಫೋನಿನಲ್ಲಿ ಹೇಳುತ್ತಿರುತ್ತಾಳೆ, ನನಗೆ ಗೊತ್ತು. ಆದರೆ ಅವಳ ವರದಿಯಲ್ಲಿ ಮುಕ್ಕಾಲು ಪಾಲು ಮರದ ಕುದುರೆಯೇ ಇರುತ್ತದೆ. ಹಾಗಾಗಿ ನಾನೇ ಕೂತೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನೀನು ನಿಂತ ಜಾಗದಿಂದ ಕಂಡದ್ದು ಒಂದು, ನಾನು ನಿಂತ ಜಾಗದಿಂದ ಕಂಡದ್ದು ಇನ್ನೊಂದು.

ನೂಲಿನ ಮಿಲ್ಲಿನವರು ನನ್ನನ್ನು ‘ಸಾಮಾಜಿಕ ಹೊಣೆಗಾರಿಕೆ ವಿಭಾಗ’ಕ್ಕೆ ತೆಗೆದುಕೊಂಡಾಗ ಆ ವಿಭಾಗವೆಂದರೆ ಒಂದು ಮೇಜು, ಒಂದು ಕುರ್ಚಿ ಮತ್ತು ನಾನು. ಕೆಲಸದ ಜೊತೆಗೆ ಮನೆಯನ್ನೂ ಕೊಟ್ಟರು. ಎರಡು ಕೋಣೆ, ಒಂದು ಪುಟ್ಟ ಹಿತ್ತಿಲು, ಪುಟ್ಟಿಯ ಶಾಲೆ ಕೂಗಳತೆಯಲ್ಲಿ. ನಾನು ಕುಣಿಯುತ್ತಾ ಬಂದು ಹೇಳಿದೆ. ನೀನು ಊಟದ ತಟ್ಟೆ ಪಕ್ಕಕ್ಕೆ ಸರಿಸಿ, “ಅವರ ಚರಂಡಿಗೆ ನೋಟಿಸ್ ಕೊಡಬೇಕಾದವನು ನಾನು. ಅವರ ಮನೇಲಿ ಮಲಗಿ ಎದ್ದು ಹೇಗೆ ಕೊಡ್ಲಿ?” ಅಂದೆ. “ಹಾಗಾದ್ರೆ ಮಲಗಬೇಡ, ಕೂತ್ಕೊಂಡೇ ಇರು” ಅಂದೆ ನಾನು. ನೀನು ನಗಲಿಲ್ಲ. ನಾನು ಪುಟ್ಟಿಯನ್ನು ಕರೆದುಕೊಂಡು ಮಿಲ್ಲಿನ ಮನೆಗೆ ಹೋದೆ, ನೀನು ಸೈಕಲ್ ಅಂಗಡಿಯ ಮೇಲಿನ ಮನೆಯಲ್ಲಿ ಉಳಿದೆ. ಇವತ್ತು ಯೋಚಿಸಿದರೆ ನಮ್ಮಲ್ಲಿ ಯಾರೂ ಯಾರನ್ನೂ ಬಿಟ್ಟದ್ದಲ್ಲ. ಬಂದು ಸೇರಲಿಲ್ಲ, ಅಷ್ಟೆ. ಅದು ಬಿಟ್ಟದ್ದಕ್ಕಿಂತ ಹೆಚ್ಚು ನೋಯುತ್ತದೆ.

ಶಿಶುವಿಹಾರ ಕಟ್ಟಬೇಕೆಂದು ನನಗೆ ಹೊಳೆದದ್ದು ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ. ಮಿಲ್ಲಿನ ಕಾಂಪೌಂಡ್ ಗೋಡೆಯ ಹೊರಗೆ, ನೂಲಿನ ಉಂಡೆಗಳನ್ನು ತುಂಬುವ ರಟ್ಟಿನ ಪೆಟ್ಟಿಗೆಗಳಲ್ಲಿ ಕೂಸುಗಳನ್ನು ಮಲಗಿಸಿ ಹೆಂಗಸರು ಪಾಳಿಗೆ ಹೋಗುತ್ತಿದ್ದರು. ಕಣ್ಣು ಮಂಜಾದ ಒಬ್ಬ ಅಜ್ಜಿ ಕಾವಲು. ನೆರಳು ಸರಿದಂತೆ ಅಜ್ಜಿ ಪೆಟ್ಟಿಗೆಗಳನ್ನೂ ಒಂದೊಂದಾಗಿ ಎಳೆಯುತ್ತಿದ್ದಳು. ಅದನ್ನು ನೋಡಿದವಳೇ ಮ್ಯಾನೇಜರ ಹತ್ತಿರ ಓಡಿದೆ. ಅವರು ತಕ್ಷಣ ಒಪ್ಪಿದರು. “ಒಳ್ಳೇ ವಿಚಾರ. ಫೋಟೋನೂ ಚೆನ್ನಾಗಿ ಬರುತ್ತೆ” ಅಂದರು. ಮಿಲ್ಲಿನ ಗೇಟಿನ ಎದುರು ಪುರಸಭೆ ಜಾಗ ಕೊಟ್ಟಿತು. ಕಟ್ಟುವುದು ಮಿಲ್ಲು, ಆಮೇಲೆ ನಡೆಸುವುದು ಪುರಸಭೆ ಎಂದು ಮಾತಾಯಿತು. ಹಳದಿ ಬಣ್ಣ, ಮಕ್ಕಳ ಎತ್ತರಕ್ಕೆ ದುಂಡನೆಯ ಕಿಟಕಿಗಳು, ಒಳಗೆ ತೂಗಾಡುವ ಮರದ ಕುದುರೆ. ಪಕ್ಕದ ಗೋಡೆಯ ಉದ್ದಕ್ಕೂ ಮಿಲ್ಲಿನ ಹೆಸರು, ಆನೆ ಗಾತ್ರದ ಅಕ್ಷರಗಳಲ್ಲಿ. ರಿಬ್ಬನ್ ಕತ್ತರಿಸಿದ ಫೋಟೋ ವಾರ್ಷಿಕ ವರದಿಯ ಮುಖಪುಟಕ್ಕೆ ಹೋಯಿತು. ಅದರಲ್ಲಿ ನಾನೂ ಇದ್ದೇನೆ, ಅಂಚಿನಲ್ಲಿ, ಅರ್ಧ ಮುಖ.

ಮರುದಿನ ಹಸ್ತಾಂತರ. ನೀನು ಟೇಪು ಹಿಡಿದು ಬಂದೆ. ಗೋಡೆ ತಟ್ಟಿದೆ, ನಲ್ಲಿ ತಿರುಗಿಸಿದೆ, ಸುತ್ತು ಹಾಕಿದೆ. “ಹಿಂಬಾಗಿಲಿಲ್ಲ. ಬೆಂಕಿ ಬಿದ್ರೆ ಮಕ್ಕಳು ಎಲ್ಲಿಂದ ಬರ್ತಾರೆ? ನೀರೂ ಇಲ್ಲ. ನಾನಿದನ್ನ ತಗೊಳ್ಳೋಕಾಗಲ್ಲ” ಅಂದೆ. ಎಲ್ಲರೆದುರು, ನನ್ನ ಮುಖ ನೋಡದೆ. ಮನೆಯ ಸಿಟ್ಟನ್ನು ನೀನು ಕಟ್ಟಡದ ಮೇಲೆ ತೀರಿಸಿಕೊಂಡೆ ಎಂದೇ ನಾನು ತಿಳಿದೆ. ಇನ್ನೂ ಹಸ್ತಾಂತರವಾಗಿಲ್ಲವೆಂದು ಮಿಲ್ಲಿನವರು ಬೀಗ ಹಾಕಿದರು. ನೆಲ ನಮ್ಮದೆಂದು ಪುರಸಭೆಯವರು ಅದರ ಮೇಲೆ ಇನ್ನೊಂದು ಜಡಿದರು. ಒಂದು ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ನನ್ನ ಮೇಜಿನ ಖಾನೆಯಲ್ಲಿ, ಇನ್ನೊಂದರದು ನಿನ್ನ ಜೇಬಿನಲ್ಲಿ.

ಇಲ್ಲಿಯವರೆಗಿನದು ನಿನಗೂ ಗೊತ್ತು. ಇನ್ನು ಮುಂದಿನದು ಕೇಳು.

ನೀನು ಹೋದ ಕೆಲವು ವಾರಗಳಿಗೆ, ಒಂದು ಮಧ್ಯಾಹ್ನ, ಗುಂಗುರು ಕೂದಲಿನ ಒಂದು ಪುಟ್ಟ ಹುಡುಗಿ ಕಾಣೆಯಾದಳು. ಅವಳಿಗೆ ಆಗಷ್ಟೇ ನಡೆ ಬಂದಿತ್ತು. ನೂಲುವ ವಿಭಾಗದಲ್ಲಿ ಕೆಲಸ ಮಾಡುವವಳ ಮಗಳು. ಅಜ್ಜಿ ಪೆಟ್ಟಿಗೆ ಎಳೆಯುವಾಗ ಒಂದು ಹಗುರ ಅನ್ನಿಸಿತಂತೆ, ಬಗ್ಗಿ ನೋಡಿದರೆ ಖಾಲಿ. ಸರಕಿನ ಅಂಗಳದಲ್ಲಿ ಲಾರಿಗಳು ಹಿಂದಕ್ಕೆ ಚಲಿಸುತ್ತಿದ್ದ ಹೊತ್ತು. ಯಾರೋ ಕೂಗಿ ಎಂಜಿನ್‌ಗಳನ್ನೆಲ್ಲ ನಿಲ್ಲಿಸಿದರು. ಆ ಅಂಗಳ ಅಷ್ಟು ಮೌನವಾದದ್ದನ್ನು ನಾನು ಕೇಳಿದ್ದೇ ಇಲ್ಲ. ಒಬ್ಬೊಬ್ಬರೂ ಮಂಡಿಯೂರಿ ಚಕ್ರಗಳ ಕೆಳಗೆ ಇಣುಕಿದೆವು. ತಾಯಿ ತುಟಿ ಕಚ್ಚಿಕೊಂಡು ಒಂದೊಂದೇ ಲಾರಿಯ ಕೆಳಗೆ ತೂರಿ ಆಚೆ ಏಳುತ್ತಿದ್ದಳು.

ಮಗು ಸಿಕ್ಕಿದ್ದು ರಸ್ತೆಯಾಚೆ, ನಮ್ಮ ಹಳದಿ ಕಟ್ಟಡದ ಹತ್ತಿರ. ದುಂಡು ಕಿಟಕಿಯ ಗಾಜಿಗೆ ಎರಡೂ ಅಂಗೈ ಒತ್ತಿ, ಹಣೆ ಆನಿಸಿ, ಒಳಗಿದ್ದ ಕುದುರೆಯ ಜೊತೆ ಅದೇನೋ ಮಾತಾಡುತ್ತಾ ನಿಂತಿದ್ದಳು. ಅಷ್ಟು ಲಾರಿ ಓಡಾಡುವ ರಸ್ತೆಯನ್ನು ಒಬ್ಬಳೇ ದಾಟಿ ಹೋಗಿದ್ದಳು. ತಾಯಿ ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನನ್ನು.

“ಈ ಬೀಗ ನಿಮ್ದಾ ಅಕ್ಕ?”

“ಒಂದು ನಮ್ದು. ಇನ್ನೊಂದು ಪುರಸಭೆದು.”

“ಹಾಗಾದ್ರೆ ನಮ್ದು ಯಾವ್ದು?”

ವ್ಯಂಗ್ಯಕ್ಕೆ ಕೇಳಿದ್ದಲ್ಲ, ಸಾಹೇಬ. ಗೊತ್ತಿಲ್ಲದೆ ಕೇಳಿದಳು.

ನಾನು ಕಚೇರಿಗೆ ವಾಪಸು ಹೋಗಲಿಲ್ಲ. ಮಂಡಿಗೆ ಮೆತ್ತಿದ ಧೂಳಿನಲ್ಲೇ ನೇರ ಪುರಸಭೆಗೆ ನಡೆದೆ. ಅಧ್ಯಕ್ಷೆ ಕೋಣೆಯಲ್ಲಿದ್ದರು. ಆಕೆ ಟೈಲರ್ ಅಂಗಡಿ ಬಿಟ್ಟು ಅಧಿಕಾರಕ್ಕೆ ಬಂದು ಎಷ್ಟೋ ಕಾಲವಾದರೂ ಎದುರು ನಿಂತವರನ್ನು ಅಳತೆ ತೆಗೆಯುವಂತೆಯೇ ನೋಡುತ್ತಾರಲ್ಲ, ಹಾಗೆ ನೋಡಿದರು. ನಾನು ನಿಂತಲ್ಲೇ ಶುರು ಮಾಡಿದೆ. ನಿಮ್ಮ ಎಂಜಿನಿಯರ್ ಹೋಗಿಯಾಯಿತು, ಇನ್ನಾದರೂ ಹಟ ಬಿಡಿ, ಕಟ್ಟಡ ತೆಗೆದುಕೊಳ್ಳಿ ಎಂದೆ. ಆಕೆ ಕುರ್ಚಿ ಎಳೆದು ಕೂರಿಸಿ, ತಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು.

“ನಿನ್ನ ಗಂಡ ನಿನಗೇನೂ ಹೇಳಿಲ್ವಾ?”

“ನಾವು ಮಾತಾಡೋದೆಲ್ಲ ಪತ್ರದಲ್ಲೇ ಮೇಡಂ.”

“ಗೊತ್ತು. ಆ ಪತ್ರಗಳೆಲ್ಲ ನನ್ನ ಮೇಜಿಗೇ ಬರ್ತಿದ್ವು. ಓದಿ ಎಷ್ಟು ನಕ್ಕಿದೀನಿ ಅಂತ ನಿನಗೇನು ಗೊತ್ತು.”

ಆಮೇಲೆ ನಗು ಬಿಟ್ಟು ಹೇಳಿದರು. ಇಷ್ಟೊಂದು ಹೆಂಗಸರು ದುಡಿಯುವ ಮಿಲ್ಲು ತನ್ನ ಖರ್ಚಿನಲ್ಲಿ, ತಾನೇ ಶಿಶುವಿಹಾರ ನಡೆಸಬೇಕು, ಅದು ಕಾನೂನು. ದಾನವಲ್ಲ, ಧರ್ಮವಲ್ಲ, ಸಂಬಳ ಕೊಡುವಷ್ಟೇ ಸಹಜವಾದ ಕರ್ತವ್ಯ. ಅದನ್ನು ಊರಿಗೆ ಕೊಟ್ಟ ಉಡುಗೊರೆ ಎಂದು ಬಣ್ಣ ಬಳಿದು, ನಡೆಸುವ ಭಾರವನ್ನು ಊರಿನ ತಲೆಗೆ ಕಟ್ಟಿದಂತಾಗಿತ್ತು. ಕಟ್ಟಿದವಳು ನಾನು, ತಿಳಿಯದೆ. ನೀನು ಮೊದಲ ವಾರವೇ ಇದನ್ನು ಆಕೆಗೆ ಹೇಳಿದ್ದೆಯಂತೆ.

“ನೋಟಿಸ್ ಕೊಡೋಣ ಅಂದೆ ನಾನು. ಬೇಡ ಅಂದ. ಯೋಜನೆಗೆ ಸಹಿ ಹಾಕಿರೋಳು ಅವಳು, ನೋಟಿಸ್ ಹೋದ್ರೆ ಮೊದಲು ಅವಳ ತಲೆ ಮೇಲೇ ಬೀಳುತ್ತೆ ಅಂದ. ಹಿಂಬಾಗಿಲು, ನೀರು ಅಂತ ತಡೆದಿಟ್ಟಿರ್ತೀನಿ, ಅಷ್ಟರಲ್ಲಿ ಅವಳೇ ಕಂಡುಕೊಂಡು ಸರಿಮಾಡ್ತಾಳೆ ಅಂದ. ಮನೇಲಿ ಹೇಳಬಾರದೇನಪ್ಪಾ ಅಂದ್ರೆ, ನಾನು ಹೇಳಿದ್ರೆ ಸೇಡು ಅಂದ್ಕೊಳ್ತಾಳೆ ಅಂತ ತಲೆ ಬಗ್ಗಿಸ್ಕೊಂಡು ಕೂತ.”

ಚಹಾ ಬಿಸಿಯಿದೆ ಎಂಬುದೂ ತಿಳಿಯದೆ ಗುಟುಕರಿಸಿ ಬಾಯಿ ಸುಟ್ಟುಕೊಂಡೆ. ನನಗಾಗಿ ನೀನು ಕೆಟ್ಟವನಾಗಿ ನಿಂತಿದ್ದೆ. ಊರೆಲ್ಲ ‘ಹೆಂಡತಿ ಮೇಲಿನ ಹಗೆಗೆ ಮಕ್ಕಳ ಮನೆ ಮುಚ್ಚಿಸಿದ’ ಎಂದಾಗಲೂ ಬಾಯಿ ಬಿಟ್ಟಿರಲಿಲ್ಲ. ಆ ಕ್ಷಣ ನೀನು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಬಹುಶಃ ಮೊದಲು ಜಗಳ ಆಡುತ್ತಿದ್ದೆ.

ಆ ಜಗಳವನ್ನು ಇಲ್ಲೇ ಆಡಿ ಮುಗಿಸುತ್ತೇನೆ, ಒಳಗಿಟ್ಟುಕೊಂಡರೆ ಹುಳಿಯಾಗುತ್ತದೆ. ನನ್ನನ್ನು ಕಾಪಾಡಲು ನೀನು ವರ್ಷವೆಲ್ಲ ಸುಮ್ಮನಿದ್ದೆ. ಆ ವರ್ಷವೆಲ್ಲ ಮಕ್ಕಳು ರಟ್ಟಿನ ಪೆಟ್ಟಿಗೆಯಲ್ಲಿ ನೆರಳಿನ ಹಿಂದೆ ಹೋದರು. ನಿನ್ನ ಒಳ್ಳೆಯತನದ ಬೆಲೆಯನ್ನು ಅವರು ತೆತ್ತರು. ನಾನು ಬೈದರೂ ಸರಿ, ಹೇಳಬೇಕಿತ್ತು. ಇನ್ನೊಂದು ಮಾತು: ನೀರಿನ ಸಂಪರ್ಕದ ಕಡತ ಬೇರೆಲ್ಲೂ ಇರಲಿಲ್ಲವಂತೆ, ನಿನ್ನ ಮೇಜಿನ ಮೇಲೆಯೇ ಮಲಗಿತ್ತಂತೆ. ಅದಕ್ಕೆ ಏನು ಸಮಜಾಯಿಷಿ ಕೊಡುತ್ತೀಯೋ ಯೋಚಿಸಿಟ್ಟುಕೋ. ಜಗಳ ಮುಗಿಯಿತು.

ಮಾರನೆಯ ದಿನ ಮ್ಯಾನೇಜರ ಮುಂದೆ ನಿಂತೆ. ಶಿಶುವಿಹಾರವನ್ನು ನನ್ನ ವಿಭಾಗದ ಕೊಡುಗೆಗಳ ಸಾಲಿನಿಂದ ತೆಗೆದುಬಿಡಿ, ಯಂತ್ರಕ್ಕೆ ಎಣ್ಣೆ ಹಾಕುವವರನ್ನು ಇಟ್ಟುಕೊಂಡಂತೆ ಮಕ್ಕಳನ್ನು ನೋಡುವವರನ್ನೂ ಮಿಲ್ಲೇ ಇಟ್ಟುಕೊಳ್ಳಲಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀವು ನಮ್ಮ ಕಡೆನಾ, ನಿಮ್ಮ ಯಜಮಾನ್ರ ಕಡೆನಾ?”

“ಯಜಮಾನರು ಊರಲ್ಲೇ ಇಲ್ಲ ಸಾರ್. ಕಡೆ ಎಲ್ಲಿಂದ ಬರುತ್ತೆ.”

“ಅಲ್ಲಮ್ಮ, ಕಟ್ಟಿದ್ದೂ ನಾವು, ನಡೆಸೋದೂ ನಾವು ಅಂದ್ರೆ ಪುರಸಭೆ ಇರೋದು ಯಾಕೆ?”

ಅವರು ಕೆಟ್ಟವರಲ್ಲ, ನಿನಗೂ ಗೊತ್ತು. ಕೇಳಿದ ಪ್ರಶ್ನೆಯೂ ಕೆಟ್ಟದ್ದಲ್ಲ. ಆ ಪ್ರಶ್ನೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಅಧ್ಯಕ್ಷೆಯ ಮುಂದೆ ಇಟ್ಟೆ. “ಅದನ್ನ ನಮ್ಮಿಬ್ಬರ ಕೋಣೇಲಿ ಕೂತು ಮಾತಾಡಿದ್ರೆ ಆಗಲ್ಲ, ಆ ಕಟ್ಟಡದ ಮೆಟ್ಟಿಲ ಮೇಲೇ ಮಾತಾಡೋಣ” ಅಂದರು.

ಹಾಗೆ ಪಾಳಿ ಬದಲಾಗುವ ಸಂಜೆ ಎಲ್ಲರೂ ಬೀಗ ಹಾಕಿದ ಬಾಗಿಲ ಮುಂದೆ ಸೇರಿದೆವು. ಅಧ್ಯಕ್ಷೆ ಮೆಟ್ಟಿಲ ಮೇಲೆ ಕೂತರು. ಮ್ಯಾನೇಜರಿಗೆ ಕುರ್ಚಿ ತರಿಸಿದರೆ ಬೇಡವೆಂದು ಅವರೂ ಮೆಟ್ಟಿಲಿಗೇ ಬಂದರು. ಹೆಂಗಸರು ತಲೆಗೂದಲಲ್ಲಿ ಹತ್ತಿಯ ತುಪ್ಪಳ ಹೊತ್ತುಕೊಂಡೇ ಹೊರಬಂದು, ಕೂಸುಗಳನ್ನು ಎತ್ತಿಕೊಂಡು ಸುತ್ತ ನಿಂತರು.

“ನೋಟಿಸ್ ಸಿದ್ಧವಾಗಿದೆ ಸಾರ್, ಸಹಿ ಒಂದೇ ಬಾಕಿ” ಅಂದರು ಅಧ್ಯಕ್ಷೆ. “ಆದ್ರೆ ಹಾಕೋಕೆ ಮನಸ್ಸಿಲ್ಲ. ನಾನು ಕೊಡ್ತೀನಿ, ನೀವು ಕೋರ್ಟಿಗೆ ಹೋಗ್ತೀರಿ. ತೀರ್ಪು ಬರೋ ಹೊತ್ತಿಗೆ ಈ ಕೂಸುಗಳೇ ನಿಮ್ಮ ಮಿಲ್ಲಿಗೆ ಕೆಲಸ ಕೇಳ್ಕೊಂಡು ಬಂದಿರ್ತವೆ.”

ಹೆಂಗಸರು ನಕ್ಕರು. ಮ್ಯಾನೇಜರು ನಗಲಿಲ್ಲ. ಅಧ್ಯಕ್ಷೆ ಬೆರಳು ನೀಡಿ, ಕರ್ತವ್ಯವನ್ನು ಕೊಡುಗೆ ಅನ್ನುವುದು ತಪ್ಪಲ್ಲವೇ ಎಂದು ಇನ್ನೂ ಏನೋ ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಒಂದು ದನಿ ಬಂತು. ಪುರಸಭೆಯ ಕಸ ಗುಡಿಸುವ ಹೆಂಗಸು, ಕಸದ ಕೈಗಾಡಿಯ ಹಿಡಿಕೆ ಹಿಡಿದೇ ನಿಂತಿದ್ದಳು. ಗಾಡಿಯ ಮುಂಭಾಗದಲ್ಲಿ ಹಳೆಯ ಟೋಪಿ ಹಾಕಿಕೊಂಡ ಅವಳ ಮಗ ಕೂತಿದ್ದ.

“ಅಮ್ಮಾವ್ರೆ, ಮಿಲ್ಲಿನವರ ಮಕ್ಕಳು ಸರಿ. ನಿಮ್ಮ ಕೆಲಸ ಮಾಡೋ ನಮ್ಮ ಮಕ್ಕಳು?”

ಅಧ್ಯಕ್ಷೆಯ ಬೆರಳು ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಕೆಳಗಿಳಿಯಿತು. ಊರಿನ ಎಲ್ಲರನ್ನೂ ಅಳೆಯುವ ಆಕೆ ಆ ಗಾಡಿಯೊಳಗಿನ ಹುಡುಗನನ್ನು ಮೊದಲ ಬಾರಿಗೆ ನೋಡುವಂತೆ ನೋಡಿದರು. ಎಷ್ಟೋ ದಿನ ಆ ಗಾಡಿ ಆಕೆಯ ಕಿಟಕಿಯ ಕೆಳಗೇ ಹೋಗುತ್ತಿತ್ತು.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. “ಮೇಡಂ, ಈ ನೋಟಿಸ್ ನಿಮಗೆ ನೀವೇ ಕೊಟ್ಕೋತೀರಾ, ಇಲ್ಲಾ ನಾನು ಬರೆದು ಕೊಡ್ಲಾ?”

ಮೊದಲು ನಕ್ಕವರು ಅಧ್ಯಕ್ಷೆಯೇ. ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಳತೆ ತಪ್ಪಿದೆ, ಬಿಚ್ಚಿ ಹೊಲೀಬೇಕು” ಅಂದರು. ಆ ನಗುವಿನಲ್ಲಿ ಏನೋ ಸಡಿಲವಾಯಿತು. ಇಬ್ಬರೂ ತಪ್ಪಿನಲ್ಲಿದ್ದೇವೆಂದು ಗೊತ್ತಾದ ಮೇಲೆ ಮೆಟ್ಟಿಲ ಮೇಲೆ ಇಬ್ಬರ ನಡುವೆ ಇದ್ದ ಜಾಗವೂ ಕಡಿಮೆಯಾದಂತೆ ನನಗೆ ಕಂಡಿತು. ಕತ್ತಲಾಗುವ ಮೊದಲೇ ಮಾತು ಕುದುರಿತು. ನೋಡಿಕೊಳ್ಳುವವರನ್ನು ಇಡುವುದು, ಅವರಿಗೆ ಸಂಬಳ, ಮಕ್ಕಳ ಊಟ, ಹಾಲು ಮಿಲ್ಲಿನದು. ತನ್ನ ಕೆಲಸಗಾರರ ಮಕ್ಕಳ ಪಾಲನ್ನು ಪುರಸಭೆ ಕೊಡಬೇಕು. ನೆಲ, ನೀರು, ಚರಂಡಿ ಪುರಸಭೆಯದು. ವಾರಕ್ಕೊಮ್ಮೆ ನರ್ಸು ಬರಬೇಕು, ಮತ್ತು ಹೇಳದೆ ಕೇಳದೆ ಬಂದು ತಪಾಸಣೆ ಮಾಡುವ ಹಕ್ಕು ಪುರಸಭೆಗೆ ಇರಬೇಕು. “ಪುರಸಭೆ ಇರೋದು ಇದಕ್ಕೆ ಸಾರ್. ನಾವು ಮಾಡ್ತೀವೋ ಇಲ್ವೋ ನೋಡೋಕೆ ಇವರಿದಾರೆ” ಎಂದು ಹೆಂಗಸರ ಕಡೆ ಕೈ ತೋರಿದರು ಅಧ್ಯಕ್ಷೆ.

ಇನ್ನು ನಿನ್ನ ಹಿಂಬಾಗಿಲಿನ ಕಥೆ. ಹೊಸ ಎಂಜಿನಿಯರ್ ಬಂದು ನೋಡಿ, ಹಿಂದೆ ಜಾಗವಿಲ್ಲ, ಬಾಗಿಲು ಒಡೆಯಲು ಇರುವುದು ಪಕ್ಕದ ಗೋಡೆಯೊಂದೇ ಎಂದರು. ಮಿಲ್ಲಿನ ಹೆಸರಿದ್ದ ಗೋಡೆ. ಅದೂ ಹೆಸರಿನ ನಟ್ಟನಡುವೆ. ಗಾರೆಯವನು ಸುತ್ತಿಗೆ ಎತ್ತಿ, ಹೊಡೆಯಲೋ ಬೇಡವೋ ಎಂದು ನನ್ನ ಮುಖ ನೋಡಿದ. ನಾನು ಮ್ಯಾನೇಜರ ಮುಖ ನೋಡಿದೆ. ಅವರು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು, ಅವುಗಳ ಬಣ್ಣ ಆರಿಸಿದವರು ಅವರೇ. ಕೊನೆಗೆ, “ಒಡೀರಿ. ಅರ್ಧ ಹೆಸರಿದ್ರೂ ಊರಿಗೆ ನಮ್ಮ ಗುರುತು ಸಿಗುತ್ತೆ” ಅಂದು ಹೊರಟುಹೋದರು. ಈಗ ನಡುವಿನ ಎರಡಕ್ಷರ ಇದ್ದಲ್ಲಿ ಬಾಗಿಲಿದೆ. ನೀರೂ ಬಂತು. ಮೊದಲು ನಲ್ಲಿ ಕೆಮ್ಮಿತು, ಕೆಂಪಗೆ ಉಗುಳಿತು, ಆಮೇಲೆ ತಿಳಿಯಾಯಿತು. ಎರಡು ಬೀಗಗಳನ್ನೂ ತೆಗೆದು ನಾನೇ ಗುಜರಿಗೆ ಹಾಕಿದೆ.

ಮೊದಲ ದಿನ ರಿಬ್ಬನ್ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಗುಂಗುರು ಕೂದಲಿನವಳು ಯಾರನ್ನೂ ಕೇಳದೆ ನೇರ ಕುದುರೆಯ ಹತ್ತಿರ ಹೋಗಿ ಅದರ ಕಿವಿ ಹಿಡಿದುಕೊಂಡಳು. ತಾಯಿ ಬಾಗಿಲಲ್ಲೇ ನಿಂತಳು. ಸೈರನ್ ಆದರೂ ಕಾಲು ಕೀಳಲಾರಳು. ನಾನೇ ತಳ್ಳಿ ಕಳಿಸಿದೆ. ಬಿಡುವಿನ ಹೊತ್ತಿಗೆ ಏದುಸಿರು ಬಿಡುತ್ತಾ ಓಡಿಬಂದಳು. ಮಗು ಒಮ್ಮೆ ತಿರುಗಿ ನೋಡಿ ಮತ್ತೆ ಆಟಕ್ಕೆ ಹೋಯಿತು. “ನೋಡಿ ಅಕ್ಕ, ನನ್ನ ನೆನಪೇ ಆಗಿಲ್ಲ ಇವಳಿಗೆ” ಎಂದು ನಗುತ್ತಾ ಕಣ್ಣೊರೆಸಿಕೊಂಡಳು. ನಾನು ಕಿಟಕಿಯ ಗಾಜು ಒರೆಸುವ ನೆಪದಲ್ಲಿ ಆಚೆ ತಿರುಗಿದೆ. ಟೋಪಿ ಹುಡುಗ ಸಂಜೆ ಮನೆಗೆ ಹೋಗಲು ಒಪ್ಪದೆ ರಂಪ ಮಾಡಿದ. ಪೆಟ್ಟಿಗೆ ಎಳೆಯುತ್ತಿದ್ದ ಅಜ್ಜಿಗೆ ಅಲ್ಲೇ ಒಂದು ಚಾಪೆ ಹಾಕಿದ್ದೇವೆ. ಲಾಲಿ ಹಾಡುವುದು ಅವಳ ಪಾಲಿನ ಕೆಲಸ. ಮಕ್ಕಳಿಗಿಂತ ಮೊದಲು ಅವಳೇ ನಿದ್ದೆ ಹೋಗುತ್ತಾಳೆ.

ಪುಟ್ಟಿ ಶಾಲೆ ಬಿಟ್ಟು ಬಂದವಳು, “ಅಪ್ಪ ಹೇಳಿದ ಬಾಗಿಲು ಇದೇನಾ?” ಎಂದು ಕೇಳಿದಳು. ಹೌದು ಎಂದೆ. ಮುಂಬಾಗಿಲಿಂದ ಹೋಗಿ ಹಿಂಬಾಗಿಲಿಂದ ಬಂದಳು, ಮತ್ತೆ ಹೋದಳು, ಮತ್ತೆ ಬಂದಳು. ಸಾಕಾಗುವವರೆಗೂ. ಆಮೇಲೆ ನನ್ನ ಕೈಹಿಡಿದು, “ಅಪ್ಪ ಬಂದಾಗ ನಾನೇ ತೋರಿಸ್ತೀನಿ, ನೀನು ತೋರಿಸ್ಬೇಡ” ಎಂದು ಕರಾರು ಹಾಕಿಸಿಕೊಂಡಳು.

ನನ್ನ ಕೆಲಸ ಉಳಿದಿದೆ, ಹೆದರಬೇಡ. ಮ್ಯಾನೇಜರು ಕೆಲವು ದಿನ ಬಿಗುಮಾನದಲ್ಲಿದ್ದರು. ಈಗ ದಿನಾ ಬೆಳಿಗ್ಗೆ ಏನೋ ನೆಪ ಮಾಡಿಕೊಂಡು ಶಿಶುವಿಹಾರದ ಕಡೆಯಿಂದಲೇ ನಡೆದು ಬರುತ್ತಾರೆ. ಅಲ್ಲಿಯ ನೀರು, ಗಾಳಿ ನಿನಗೆ ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಕೆಲಸದಲ್ಲಿ ಮುಳುಗಿದರೆ ನಿನಗೆ ಹಸಿವೆಯೂ ಪರಿಶೀಲನೆಗೆ ಹೋಗುತ್ತದೆ ಎಂದು ನನಗೆ ಗೊತ್ತು. ಪುಟ್ಟಿಯ ರಜೆ ಹತ್ತಿರ ಬಂತು. ನಿನಗೂ ನಾಲ್ಕು ದಿನ ಬಿಡುವಾದರೆ ಬಂದುಹೋಗು. ಅವಳು ಕಾಯುತ್ತಾಳೆ.

ಅವಳು ಮಾತ್ರ ಕಾಯುತ್ತಾಳೆ ಎಂದು ನಾನು ಬರೆದಿಲ್ಲ, ಇನ್ನೊಮ್ಮೆ ಓದಿ ನೋಡು.

ಇಂತಿ ನಿನ್ನ,
ಗಡಿಬಿಡಿ (ನೀನೇ ಇಟ್ಟ ಹೆಸರು)

ಮರೆತ ಮಾತು: ಬರುವಾಗ ಎಲ್ಲಿ ಇಳಿದುಕೊಳ್ಳುವುದು ಎಂದು ಯೋಚಿಸಬೇಡ. ನೀನು ಖಾಲಿ ಮಾಡಿದ ಮೇಲೆ ಸೈಕಲ್ ಅಂಗಡಿಯವರು ಮೇಲಿನ ಮನೆಗೆ ‘ಬಾಡಿಗೆಗಿದೆ’ ಎಂದು ಹಲಗೆ ನೇತುಹಾಕಿದ್ದರು. ಅದನ್ನು ಇಳಿಸಿದ್ದು ನಾನು. ಹೋದ ವಾರವೇ ಪುಟ್ಟಿಯನ್ನೂ ಪಾತ್ರೆಗಳನ್ನೂ ಹೊತ್ತು ಬಂದೆ, ಮಿಲ್ಲಿನ ಮನೆಯ ಕೀಲಿ ಒಪ್ಪಿಸಿಯಾಯಿತು. ಯಾಕೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಊಟದ ತಟ್ಟೆ ಸರಿಸಿದ ದಿನ ನೀನೇ ಹೇಳಿದ್ದೆಯಲ್ಲ. ಈ ಪತ್ರವನ್ನು ನಿನ್ನ ಕಿಟಕಿಯ ಪಕ್ಕದಲ್ಲೇ ಕೂತು ಬರೆದೆ. ಅಡುಗೆಮನೆಯ ನಲ್ಲಿ ಮಾತ್ರ ತೊಟ್ಟಿಕ್ಕುತ್ತಲೇ ಇದೆ, ನಾನು ಹೋದ ಮೇಲೆ ಎಷ್ಟು ದಿನದಿಂದ ಹೀಗಿತ್ತೋ. ಬರುವಾಗ ಒಂದು ವಾಷರ್ ತಗೊಂಡು ಬಾ.